ಆಶಾ ಕೇಳುವ ಆ ಎರಡು ಪ್ರಶ್ನೆ: ಹಳ್ಳಿಯಲ್ಲಿ ಮನಸ್ಸಿನ ಕಾಯಿಲೆಗೆ ಆರೈಕೆ ಹೇಗೆ ನಡೆಯುತ್ತದೆ?

ಆಶಾ ಕಾರ್ಯಕರ್ತೆ ಮನೆಗೆ ಬಂದು ಜಗಲಿ ಮೇಲೆ ಕೂತು ಒಂದು ಫಾರಂ ತುಂಬಿಸುತ್ತಾರೆ. ಮನೆಯಲ್ಲಿ 30 ವರ್ಷ ದಾಟಿದವರನ್ನೆಲ್ಲ ಮಾತಾಡಿಸುತ್ತಾರೆ. ಬೀಡಿ ಸೇದುತ್ತೀರಾ, ಸೊಂಟದ ಸುತ್ತಳತೆ ಎಷ್ಟು, ಮನೆಯಲ್ಲಿ ಯಾರಿಗಾದರೂ ಬಿಪಿ, ಶುಗರ್ ಇದೆಯಾ ಎಂದು ಕೇಳುತ್ತಾರೆ. ಇದಕ್ಕೆಲ್ಲ ಜನ ಸಲೀಸಾಗಿ ಉತ್ತರ ಕೊಡುತ್ತಾರೆ. ಆಮೇಲೆ ಎರಡು ಪ್ರಶ್ನೆ ಬರುತ್ತವೆ. ಕಳೆದ ಎರಡು ವಾರದಲ್ಲಿ ಯಾವ ಕೆಲಸದಲ್ಲೂ ಆಸಕ್ತಿ ಇಲ್ಲ, ಖುಷಿ ಇಲ್ಲ ಅನ್ನಿಸಿದೆಯಾ? ಮನಸ್ಸು ಕುಗ್ಗಿಹೋಗಿ, ಮುಂದೆ ದಾರಿಯೇ ಇಲ್ಲ ಅನ್ನಿಸಿದೆಯಾ?

ಎಷ್ಟೋ ಮನೆಗಳಲ್ಲಿ ಮಾತು ಇಲ್ಲಿ ತಡವರಿಸುತ್ತದೆ. ಬಿಪಿ ಕೇಳಲು ಬಂದವರು ಇದನ್ನು ಯಾಕೆ ಕೇಳುತ್ತಿದ್ದಾರೆ? ಹೌದು ಅಂದರೆ ಹುಚ್ಚರ ಪಟ್ಟಿಗೆ ಸೇರಿಸುತ್ತಾರಾ? ಊರಿಗೆಲ್ಲ ಗೊತ್ತಾಗುತ್ತದಾ?

ಹಾಗೇನೂ ಆಗುವುದಿಲ್ಲ. ಈ ಎರಡು ಪ್ರಶ್ನೆ ಇರುವುದು ಖಿನ್ನತೆ ಎಂಬ ಕಾಯಿಲೆಯ ಸುಳಿವು ಹಿಡಿಯುವುದಕ್ಕೆ. ಉತ್ತರಕ್ಕೆ ಅಂಕ ಇರುತ್ತದೆ. ಅಂಕ ಜಾಸ್ತಿ ಬಂದರೆ ಹತ್ತಿರದ ಆರೋಗ್ಯ ಕೇಂದ್ರಕ್ಕೆ ಹೋಗಿ ತೋರಿಸಿ ಎನ್ನುತ್ತಾರೆ. ಅಷ್ಟೇ. ಆದರೆ ಆ ಸಣ್ಣ ಮಾತಿನ ಹಿಂದೆ ಸುಮಾರು ಐವತ್ತು ವರ್ಷದ ಪ್ರಯತ್ನ ಇದೆ. ಅದರ ದೊಡ್ಡ ಭಾಗ ನಡೆದದ್ದು ನಮ್ಮ ಕರ್ನಾಟಕದಲ್ಲೇ.

ನೀರು ಅಣೆಕಟ್ಟಿನಲ್ಲಿದ್ದರೆ ಸಾಕಾ?

ಸಮುದಾಯ ಮಾನಸಿಕ ಆರೋಗ್ಯ ಆರೈಕೆ ಎಂದರೆ ಕೇಳುವುದಕ್ಕೆ ದೊಡ್ಡ ಮಾತು. ಅರ್ಥ ಮಾತ್ರ ಸರಳ. ಕಾಯಿಲೆ ಇರುವವರನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿ ಅಲ್ಲೇ ಇರಿಸುವ ಬದಲು, ಅವರು ಬದುಕುತ್ತಿರುವ ಊರಿನ ಹತ್ತಿರಕ್ಕೇ ಆರೈಕೆಯನ್ನು ತರುವುದು. ಅವರು ಮನೆಯಲ್ಲೇ ಇರುತ್ತಾರೆ, ಕೆಲಸಕ್ಕೆ ಹೋಗುತ್ತಾರೆ, ಚಿಕಿತ್ಸೆಯೂ ನಡೆಯುತ್ತದೆ.

ದೊಡ್ಡ ಆಸ್ಪತ್ರೆಯನ್ನು ಅಣೆಕಟ್ಟು ಎಂದುಕೊಳ್ಳಿ. ಅಲ್ಲಿ ನೀರು ತುಂಬಿದೆ. ಆದರೆ ಅದು ಮುಖ್ಯ ಕಾಲುವೆಗೆ ಬಂದು, ಉಪಕಾಲುವೆಗೆ ಇಳಿದು, ಕೊನೆಗೆ ಹೊಲಗಾಲುವೆಯಲ್ಲಿ ಹರಿದರೆ ಮಾತ್ರ ನಿಮ್ಮ ಗದ್ದೆ ನೆನೆಯುತ್ತದೆ, ಅಲ್ವಾ? ಕಾಲುವೆಯ ತುದಿಯ ರೈತರಿಗೆ ಈ ಕಷ್ಟವನ್ನು ಬಿಡಿಸಿ ಹೇಳಬೇಕಿಲ್ಲ. ಮನಸ್ಸಿನ ಕಾಯಿಲೆಯ ವಿಷಯದಲ್ಲಿ ಹಳ್ಳಿಗಳೆಲ್ಲ ಕಾಲುವೆಯ ತುದಿಯಲ್ಲಿವೆ.

ಭಾರತದಲ್ಲಿ ಒಂದು ಲಕ್ಷ ಜನಕ್ಕೆ ಒಬ್ಬ ಮನೋವೈದ್ಯರೂ ಇಲ್ಲ. ಲೆಕ್ಕ ಹಾಕಿದರೆ ಸುಮಾರು 0.75 ಬರುತ್ತದೆ. ಇರುವವರಲ್ಲಿ ಹೆಚ್ಚಿನವರು ನಗರಗಳಲ್ಲಿದ್ದಾರೆ. ಬೆಂಗಳೂರಿನ ನಿಮ್ಹಾನ್ಸ್ 2015–16ರಲ್ಲಿ 12 ರಾಜ್ಯಗಳಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ನಡೆಸಿತು. ವಯಸ್ಕರಲ್ಲಿ ನೂರಕ್ಕೆ 10.6 ಜನಕ್ಕೆ ಆಗ ಒಂದಲ್ಲ ಒಂದು ಮಾನಸಿಕ ಸಮಸ್ಯೆ ಇತ್ತು. ಆದರೆ ಅವರಿಗೆ ಚಿಕಿತ್ಸೆ ಸಿಕ್ಕಿತ್ತಾ ಎಂದು ನೋಡಿದಾಗ, ಬೇರೆ ಬೇರೆ ಕಾಯಿಲೆಗಳಲ್ಲಿ ನೂರಕ್ಕೆ 70ರಿಂದ 92 ಜನಕ್ಕೆ ಸಿಕ್ಕಿರಲಿಲ್ಲ.

ಅದೇ ಸಮೀಕ್ಷೆಯಲ್ಲಿ ಇನ್ನೊಂದು ವಿಷಯವೂ ಇದೆ. ಮಹಾನಗರಗಳಲ್ಲಿ ಸಮಸ್ಯೆಯ ಪ್ರಮಾಣ ಹಳ್ಳಿಗಿಂತ ಜಾಸ್ತಿಯೇ ಇತ್ತು. ಹಾಗಾಗಿ ಹಳ್ಳಿಯಲ್ಲಿ ಕಾಯಿಲೆ ಜಾಸ್ತಿ ಎಂದಲ್ಲ. ಆರೈಕೆ ದೂರ, ಅದೇ ತೊಂದರೆ.

ಯಾವುದಕ್ಕೆಲ್ಲ ಈ ಆರೈಕೆ?

ಮನಸ್ಸಿನ ಕಾಯಿಲೆ ಎಂದ ತಕ್ಷಣ ಬಟ್ಟೆ ಹರಿದುಕೊಂಡು ಬೀದಿಯಲ್ಲಿ ತಿರುಗುವವರ ಚಿತ್ರವೇ ನಮ್ಮ ಕಣ್ಣಿಗೆ ಬರುತ್ತದೆ. ಈ ಚಿತ್ರದಿಂದಾಗಿಯೇ ಎಷ್ಟೋ ಜನ ತಮ್ಮ ಕಷ್ಟವನ್ನು ಬಾಯಿಬಿಟ್ಟು ಹೇಳುವುದಿಲ್ಲ.

ತುಂಬಾ ಜನರಿಗೆ ಬರುವುದು ಖಿನ್ನತೆ ಮತ್ತು ಆತಂಕ. ಇವು ಹಳ್ಳಿಯಲ್ಲಿ ಆ ಹೆಸರಿನಿಂದ ಬರುವುದೇ ಇಲ್ಲ. ‘ಮೈಯೆಲ್ಲ ನೋವು’, ‘ಕೈಕಾಲಲ್ಲಿ ಶಕ್ತಿಯಿಲ್ಲ’, ‘ಎದೆ ಭಾರ’, ‘ತಲೆಯೆಲ್ಲ ಜುಂ ಅನ್ನುತ್ತದೆ’, ‘ನಡುರಾತ್ರಿ ಎಚ್ಚರವಾದರೆ ಮತ್ತೆ ನಿದ್ದೆಯಿಲ್ಲ’ ಎಂದು ಜನ ಹೇಳುತ್ತಾರೆ. ಗ್ಲೂಕೋಸ್ ಹಾಕಿಸಿಕೊಳ್ಳುತ್ತಾರೆ, ಶಕ್ತಿ ಇಂಜೆಕ್ಷನ್ ತೆಗೆದುಕೊಳ್ಳುತ್ತಾರೆ, ಸ್ಕ್ಯಾನ್ ಮಾಡಿಸುತ್ತಾರೆ. ಎಲ್ಲ ನಾರ್ಮಲ್ ಬರುತ್ತದೆ. ನೋವು ಸುಳ್ಳಲ್ಲ. ಮನಸ್ಸು ಕುಗ್ಗಿದಾಗ ಮೈಯೂ ನೋಯುತ್ತದೆ. ಆದರೆ ಅದರ ಬೇರು ಎಲ್ಲಿದೆ ಎಂದು ಯಾರೂ ನೋಡಿರುವುದಿಲ್ಲ.

ಬೇಜಾರು ಎಲ್ಲರಿಗೂ ಆಗುತ್ತದೆ. ಬೆಳೆ ಹೋದರೆ, ಹತ್ತಿರದವರು ತೀರಿಹೋದರೆ ದುಃಖ ಸಹಜ, ಅದು ಕಾಯಿಲೆಯಲ್ಲ. ಎರಡು ವಾರಕ್ಕೂ ಜಾಸ್ತಿ ದಿನ, ಹೆಚ್ಚು ಕಡಿಮೆ ಇಡೀ ದಿನ ಮನಸ್ಸು ಮಂಕಾಗಿದ್ದು, ಊಟ, ನಿದ್ದೆ, ಕೆಲಸ ಎಲ್ಲಕ್ಕೂ ಪೆಟ್ಟು ಬಿದ್ದಿದ್ದರೆ ಆಗ ಖಿನ್ನತೆ ಇರಬಹುದೇ ಎಂದು ವೈದ್ಯರು ನೋಡುತ್ತಾರೆ. ಆಶಾ ಎರಡು ವಾರದ ಬಗ್ಗೆ ಕೇಳುವುದು ಇದಕ್ಕೇ.

ತೀವ್ರ ಕಾಯಿಲೆಗಳು ಬರುವುದು ಕಡಿಮೆ ಜನರಿಗೆ. ಸ್ಕಿಜೋಫ್ರೀನಿಯಾದಲ್ಲಿ ಬೇರೆ ಯಾರಿಗೂ ಕೇಳದ ದನಿ ಕೇಳಿಸಬಹುದು, ಯಾರೋ ತನಗೆ ವಿಷ ಹಾಕುತ್ತಿದ್ದಾರೆ ಎಂಬ ಗಟ್ಟಿ ನಂಬಿಕೆ ಹುಟ್ಟಬಹುದು. ಬೈಪೋಲಾರ್ ಕಾಯಿಲೆಯಲ್ಲಿ ಕೆಲವು ವಾರ ಮಿತಿಮೀರಿದ ಹುರುಪು, ಮಾತು, ಖರ್ಚು. ಇನ್ನು ಕೆಲವು ವಾರ ಪೂರ್ತಿ ಕುಸಿತ. ಹೆರಿಗೆಯಾದ ಕೆಲವೇ ದಿನಗಳಲ್ಲಿ ಬರುವ ಒಂದು ತೀವ್ರ ಕಾಯಿಲೆಗೆ ನಮ್ಮ ಅಜ್ಜಿಯರು ಬಾಣಂತಿ ಸನ್ನಿ ಎನ್ನುತ್ತಿದ್ದರು. ನಿದ್ದೆ ಪೂರ್ತಿ ಹೋಗುತ್ತದೆ, ಮಾತು ದಿಕ್ಕು ತಪ್ಪುತ್ತದೆ, ಕೆಲವೊಮ್ಮೆ ಮಗುವಿನ ಮೇಲೇ ಅನುಮಾನ ಬರುತ್ತದೆ. ಇದಕ್ಕೆ ಒಂದು ದಿನವೂ ಕಾಯಬಾರದು. ತಾಯಿಗೂ ಮಗುವಿಗೂ ಅಪಾಯ ಇದೆ. ಸರಿಯಾದ ಚಿಕಿತ್ಸೆ ಸಿಕ್ಕರೆ ತಾಯಂದಿರು ಚೆನ್ನಾಗಿ ಚೇತರಿಸಿಕೊಳ್ಳುತ್ತಾರೆ.

ಕುಡಿತದ ಚಟ, ವಯಸ್ಸಾದವರ ಮರೆವಿನ ಕಾಯಿಲೆ, ಮಕ್ಕಳ ಬೆಳವಣಿಗೆಯ ತೊಂದರೆಗಳು ಕೂಡ ಈ ಆರೈಕೆಯ ಒಳಗೇ ಬರುತ್ತವೆ. ಮೂರ್ಛೆ ರೋಗ ನಿಜವಾಗಿ ಮನಸ್ಸಿನ ಕಾಯಿಲೆಯಲ್ಲ, ಮಿದುಳಿನ ನರಗಳದ್ದು. ಆದರೂ ಹಳ್ಳಿಗಳಲ್ಲಿ ಅದನ್ನೂ ಈ ಕಾರ್ಯಕ್ರಮದವರೇ ಮೊದಲಿಂದ ನೋಡಿಕೊಂಡು ಬಂದಿದ್ದಾರೆ.

ಸಕಲವಾರದಿಂದ ಬಳ್ಳಾರಿಗೆ

1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ಎಂಬ ವೈದ್ಯರಿದ್ದರು. ರೋಗಿಯನ್ನು ಒಳಗೆ ಬಿಟ್ಟು ಮನೆಯವರು ಹೊರಟುಹೋಗುವ ಕಾಲ ಅದು. ಅವರು ಆಸ್ಪತ್ರೆಯ ಆವರಣದಲ್ಲಿ ಡೇರೆ ಹಾಕಿಸಿ, ಮನೆಯವರನ್ನೂ ರೋಗಿಯ ಜೊತೆ ಉಳಿಸಿಕೊಂಡರು. ಕಾಯಿಲೆ ಏನು, ಹೇಗೆ ನೋಡಿಕೊಳ್ಳಬೇಕು ಎಂದು ಮನೆಯವರು ಅಲ್ಲೇ ಕಲಿತರು. ವಾಸಿಯಾದವರು ಬೇಗ ಮನೆಗೆ ಹೋದರು. ಮನೆಯವರನ್ನು ಹೊರಗಿಟ್ಟು ಚಿಕಿತ್ಸೆ ಆಗುವುದಿಲ್ಲ ಎಂಬುದು ಆಗಲೇ ಕಂಡಿತ್ತು.

1974ರಲ್ಲಿ ಬೆಂಗಳೂರಿನಲ್ಲಿ ನಿಮ್ಹಾನ್ಸ್ ಶುರುವಾಯಿತು. ಅದರ ಮರುವರ್ಷವೇ ಅಲ್ಲಿ ಸಮುದಾಯ ಮನೋವೈದ್ಯಕೀಯ ವಿಭಾಗ ಹುಟ್ಟಿತು. ಬನ್ನೇರುಘಟ್ಟದ ಹತ್ತಿರದ ಸಕಲವಾರ ಎಂಬ ಹಳ್ಳಿಯಲ್ಲಿ ಒಂದು ಗ್ರಾಮೀಣ ಕೇಂದ್ರ ತೆರೆದರು. ಅದೇ ಹೊತ್ತಿಗೆ ಹರಿಯಾಣದ ರಾಯ್‌ಪುರ್ ರಾಣಿಯಲ್ಲಿ ಚಂಡೀಗಢದ ವೈದ್ಯರು ಇಂಥದ್ದೇ ಕೆಲಸ ನಡೆಸಿದ್ದರು. ಇಬ್ಬರ ಮುಂದೆಯೂ ಇದ್ದದ್ದು ಒಂದೇ ಪ್ರಶ್ನೆ. ಮನೋವೈದ್ಯರು ಇಲ್ಲದ ಕಡೆ, ಪ್ರಾಥಮಿಕ ಆರೋಗ್ಯ ಕೇಂದ್ರದ ಸಾಮಾನ್ಯ ಡಾಕ್ಟರು ಮತ್ತು ಆರೋಗ್ಯ ಸಹಾಯಕಿ ಈ ಕೆಲಸ ಮಾಡಬಲ್ಲರಾ?

ಮಾಡಬಲ್ಲರು ಎಂದು ಗೊತ್ತಾಯಿತು. ಇಡೀ ಪಠ್ಯಪುಸ್ತಕ ಬೇಕಿಲ್ಲ. ಮುಖ್ಯ ಕಾಯಿಲೆಗಳನ್ನು ಗುರುತಿಸಲು ಬರಬೇಕು, ಕೆಲವೇ ಔಷಧಿಗಳನ್ನು ಸರಿಯಾಗಿ ಕೊಡಲು ಬರಬೇಕು, ತಮ್ಮ ಕೈ ಮೀರಿದ್ದನ್ನು ಮುಂದಕ್ಕೆ ಕಳಿಸಬೇಕು. ಈ ಅನುಭವದ ಮೇಲೆ 1982ರಲ್ಲಿ ಭಾರತ ಸರ್ಕಾರ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ತಂದಿತು.

ಒಂದೆರಡು ಹಳ್ಳಿಯಲ್ಲಿ ನಡೆದದ್ದು ಇಡೀ ಜಿಲ್ಲೆಯಲ್ಲಿ ನಡೆಯುತ್ತದಾ ಎಂಬ ಅನುಮಾನ ಆಮೇಲೂ ಉಳಿದಿತ್ತು. ಅದನ್ನು ನೋಡಲು ಆರಿಸಿಕೊಂಡದ್ದು ಬಳ್ಳಾರಿಯನ್ನು. 1985ರಿಂದ 1990ರವರೆಗೆ ಅಲ್ಲಿಯ ಆರೋಗ್ಯ ಕೇಂದ್ರಗಳ ಡಾಕ್ಟರುಗಳಿಗೆ, ಸಿಬ್ಬಂದಿಗೆ ತರಬೇತಿ ಕೊಟ್ಟು, ಔಷಧಿ ಇರಿಸಿ, ರೋಗಿಗಳ ದಾಖಲೆ ಇಟ್ಟು ನೋಡಿದರು. ಅದಕ್ಕೆ ಈಗ ಬಳ್ಳಾರಿ ಮಾದರಿ ಎಂಬ ಹೆಸರಿದೆ. 1996ರಲ್ಲಿ ನಾಲ್ಕು ಜಿಲ್ಲೆಗಳಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಅಡಿಪಾಯ. ಇವತ್ತು ಅದು ದೇಶದ 700ಕ್ಕೂ ಹೆಚ್ಚು ಜಿಲ್ಲೆಗಳಲ್ಲಿದೆ. ಬಿಸಿಲಿಗೆ, ಗಣಿಗೆ ಹೆಸರಾದ ಬಳ್ಳಾರಿಗೆ ಈ ಹೆಸರೂ ಸಲ್ಲಬೇಕು. ನಮ್ಮಲ್ಲೇ ತುಂಬಾ ಜನಕ್ಕೆ ಇದು ಗೊತ್ತಿಲ್ಲ.

ಈಗ ಯಾರು, ಎಲ್ಲಿ ಸಿಗುತ್ತಾರೆ?

ಮೊದಲು ಸಿಗುವವರು ಆಶಾ. ಅವರು ಕಾಯಿಲೆ ಏನೆಂದು ಹೇಳುವುದಿಲ್ಲ, ಮಾತ್ರೆಯನ್ನೂ ಬರೆಯುವುದಿಲ್ಲ. ಸುಳಿವು ಹಿಡಿದು ದಾರಿ ತೋರಿಸುತ್ತಾರೆ. ಉಪಕೇಂದ್ರದಲ್ಲಿ ಸಮುದಾಯ ಆರೋಗ್ಯ ಅಧಿಕಾರಿ ಇರುತ್ತಾರೆ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವೈದ್ಯಾಧಿಕಾರಿ. ತರಬೇತಿ ಪಡೆದ ವೈದ್ಯಾಧಿಕಾರಿ ಸಾಮಾನ್ಯ ಖಿನ್ನತೆ, ಆತಂಕಕ್ಕೆ ಅಲ್ಲೇ ಚಿಕಿತ್ಸೆ ಕೊಡಬಹುದು.

ಅದರ ಮೇಲೆ ತಾಲ್ಲೂಕು ಆಸ್ಪತ್ರೆ. 2014ರಲ್ಲಿ ಕರ್ನಾಟಕ ಸರ್ಕಾರ ಮನೋಚೈತನ್ಯ ಎಂಬ ಕಾರ್ಯಕ್ರಮ ಶುರುಮಾಡಿತು. ತಾಲ್ಲೂಕು ಆಸ್ಪತ್ರೆಗೆ ಮಂಗಳವಾರ ಮನೋವೈದ್ಯರು ಬಂದು ನೋಡುವ ವ್ಯವಸ್ಥೆ ಇದು. ನಿಮ್ಮ ತಾಲ್ಲೂಕಿಗೆ ಯಾವ ಮಂಗಳವಾರ ಬರುತ್ತಾರೆ ಎಂದು ಆಶಾ ಅಥವಾ ಆಸ್ಪತ್ರೆಯವರನ್ನು ಮೊದಲೇ ಕೇಳಿಕೊಂಡು ಹೋಗುವುದು ಒಳ್ಳೆಯದು.

ಜಿಲ್ಲೆಯಲ್ಲಿ ಒಂದು ತಂಡ ಇರಬೇಕು. ಮನೋವೈದ್ಯರು, ಮನಃಶಾಸ್ತ್ರಜ್ಞರು, ಮನೋವೈದ್ಯಕೀಯ ಸಮಾಜ ಕಾರ್ಯಕರ್ತರು, ನರ್ಸ್‌ಗಳು ಅದರಲ್ಲಿರುತ್ತಾರೆ. ಈ ಹೆಸರುಗಳಲ್ಲಿ ಗೊಂದಲ ಸಹಜ. ಮನೋವೈದ್ಯರು ಎಂಬಿಬಿಎಸ್ ಓದಿದ ಡಾಕ್ಟರು, ಔಷಧಿ ಬರೆಯುತ್ತಾರೆ. ಮನಃಶಾಸ್ತ್ರಜ್ಞರು ಮಾತಿನ ಮೂಲಕ ಚಿಕಿತ್ಸೆ ಕೊಡುತ್ತಾರೆ, ಬುದ್ಧಿಮಟ್ಟದಂಥ ಪರೀಕ್ಷೆಗಳನ್ನು ಮಾಡುತ್ತಾರೆ. ಸಮಾಜ ಕಾರ್ಯಕರ್ತರು ಮನೆಯ ಪರಿಸ್ಥಿತಿ, ಕೆಲಸ, ಪಿಂಚಣಿ, ಜಗಳ ಇದನ್ನೆಲ್ಲ ಗಮನಿಸಿ ದಾರಿ ಹುಡುಕುತ್ತಾರೆ. ವಾಸಿಯಾಗುತ್ತಿರುವವರು ಹಗಲು ಹೊತ್ತು ಬಂದು ಕೆಲಸ ಕಲಿಯಲು, ನಾಲ್ಕು ಜನರ ಜೊತೆ ಬೆರೆಯಲು ಮಾನಸಧಾರ ಎಂಬ ಕೇಂದ್ರಗಳು ರಾಜ್ಯದಲ್ಲಿವೆ.

ಇದಲ್ಲದೆ ಫೋನ್. 2022ರ ಅಕ್ಟೋಬರ್ 10ರಂದು ಟೆಲಿ ಮಾನಸ್ ಎಂಬ ಸೇವೆ ಶುರುವಾಯಿತು. ನಂಬರ್ 14416. ದಿನದ 24 ಗಂಟೆಯೂ ಇದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಮೊದಲು ತರಬೇತಿ ಪಡೆದ ಆಪ್ತಸಮಾಲೋಚಕರು ಮಾತಾಡುತ್ತಾರೆ. ಬೇಕೆನಿಸಿದರೆ ಅದಕ್ಕಿಂತ ಮೇಲಿನ ತಜ್ಞರಿಗೆ ಕೊಡುತ್ತಾರೆ. ಕಾಯಿಲೆ ಇರುವವರೇ ಮಾಡಬೇಕೆಂದಿಲ್ಲ. ‘ನಮ್ಮ ಅಣ್ಣ ಹೀಗಾಗಿದ್ದಾನೆ, ಏನು ಮಾಡಲಿ’ ಎಂದು ಮನೆಯವರೂ ಕೇಳಬಹುದು.

ಎರಡನೇ ಸಲ ಹೋಗುವುದೇ ಕಷ್ಟ

ಇಲ್ಲಿ ಸ್ವಲ್ಪ ನಿಧಾನವಾಗಿ ನೋಡಬೇಕು. ಇಡೀ ವಿಷಯದ ಗಂಟು ಇರುವುದು ಇಲ್ಲೇ.

ಒಂದು ಮನೆ ಎಂದುಕೊಳ್ಳಿ. ಮಗನಿಗೆ 22 ವರ್ಷ. ಆರು ತಿಂಗಳಿಂದ ಒಬ್ಬನೇ ಮಾತಾಡುತ್ತಾನೆ, ಸ್ನಾನ ಮಾಡುವುದಿಲ್ಲ, ಅಕ್ಕಪಕ್ಕದವರು ತನ್ನ ಬಗ್ಗೆಯೇ ಪಿಸುಗುಡುತ್ತಿದ್ದಾರೆ ಎನ್ನುತ್ತಾನೆ. ತಾಯಿ ಹರಕೆ ಕಟ್ಟಿದ್ದಾಯಿತು, ಅಂತ್ರ ಕಟ್ಟಿಸಿದ್ದಾಯಿತು. ಕೊನೆಗೆ ಯಾರೋ ಹೇಳಿದರೆಂದು ಜಿಲ್ಲಾಸ್ಪತ್ರೆಗೆ ಕರೆದುಕೊಂಡು ಹೋಗುತ್ತಾರೆ. ಬೆಳಗಿನ ಮೊದಲ ಬಸ್ಸು. ಬರಲು ಒಪ್ಪದ ಮಗನನ್ನು ಹಿಡಿದುಕೊಳ್ಳಲು ಚಿಕ್ಕಪ್ಪನೂ ಜೊತೆಗೆ. ಇಬ್ಬರ ಕೂಲಿ ಹೋಯಿತು. ಚೀಟಿ ಮಾಡಿಸಿ, ಸರದಿ ಕಾದು, ಮಾತ್ರೆ ತೆಗೆದುಕೊಂಡು ಮನೆ ಸೇರುವಾಗ ರಾತ್ರಿ. ತಿಂಗಳು ಬಿಟ್ಟು ಬನ್ನಿ ಎಂದಿದ್ದಾರೆ.

ಮಾತ್ರೆ ಕೆಲಸ ಮಾಡುತ್ತದೆ. ಮೂರು ತಿಂಗಳಲ್ಲಿ ಮಗ ಸ್ನಾನ ಮಾಡಿ, ಊಟ ಮಾಡಿ, ದನ ಮೇಯಿಸಲು ಹೋಗುತ್ತಾನೆ. ಮನೆಯವರಿಗೆ ಜೀವ ಬಂದಂತಾಗುತ್ತದೆ. ಅಷ್ಟರಲ್ಲಿ ಬಿತ್ತನೆ ಹೊತ್ತು. ಈ ತಿಂಗಳು ಬಿಡುವಿಲ್ಲ, ಮುಂದಿನ ತಿಂಗಳು ಹೋದರಾಯಿತು. ಹೇಗೂ ಚೆನ್ನಾಗಿದ್ದಾನಲ್ಲ. ಮಾತ್ರೆ ನಿಲ್ಲುತ್ತದೆ. ನಿಲ್ಲಿಸಿದ ಮರುದಿನವೇ ಏನೂ ಆಗುವುದಿಲ್ಲ, ಅದೇ ಮೋಸ. ಕೆಲವು ವಾರ, ಕೆಲವೊಮ್ಮೆ ಕೆಲವು ತಿಂಗಳು ಚೆನ್ನಾಗಿಯೇ ಇರುತ್ತಾನೆ. ಆಮೇಲೆ ಕಾಯಿಲೆ ಮರಳಿ ಬರುತ್ತದೆ. ಊರು ತೀರ್ಮಾನಿಸುತ್ತದೆ: ‘ಎಷ್ಟು ಮಾತ್ರೆ ತಿಂದರೂ ಅಷ್ಟೇ, ಇದು ಡಾಕ್ಟರ ಕೈಲಿ ಆಗುವಂಥದ್ದಲ್ಲ.’

ಇಲ್ಲಿ ಔಷಧಿ ಸೋತಿಲ್ಲ, ಮನೆಯವರ ಪ್ರೀತಿಯೂ ಕಡಿಮೆಯಾಗಿಲ್ಲ. ದೂರ ಸೋಲಿಸಿದೆ. ಮೊದಲ ಸಲ ಆಸ್ಪತ್ರೆಗೆ ಹೋಗಲು ಗಾಬರಿ ಸಾಕು. ಹನ್ನೆರಡನೇ ಸಲ ಹೋಗಲು ಆಸ್ಪತ್ರೆ ಹತ್ತಿರ ಇರಬೇಕು.

ಸಮುದಾಯ ಆರೈಕೆ ಈ ಕೊಂಡಿಯನ್ನೇ ಹಿಡಿಯಲು ನೋಡುತ್ತದೆ. ತಜ್ಞರು ಮೊದಲು ನೋಡಿ ಔಷಧಿ ನಿಗದಿ ಮಾಡಿದ ಮೇಲೆ, ಅದೇ ಔಷಧಿ ಹತ್ತಿರದ ಆರೋಗ್ಯ ಕೇಂದ್ರದಲ್ಲಿ ಸಿಗಬೇಕು. ಯಾರು ಈ ತಿಂಗಳು ಬರಲಿಲ್ಲ ಎಂದು ದಾಖಲೆ ನೋಡಿ ಹೇಳುವವರು ಇರಬೇಕು. ಬಾರದವರ ಮನೆಗೆ ಒಂದು ಫೋನ್, ಇಲ್ಲವೇ ಆಶಾ ಹೋಗಿ ಒಂದು ಮಾತು. ದಿನಾ ಮಾತ್ರೆ ನುಂಗಲು ಒಪ್ಪದವರಿಗೆ ಎರಡು ಮೂರು ವಾರಕ್ಕೊಮ್ಮೆ, ಕೆಲವು ಸಲ ತಿಂಗಳಿಗೊಮ್ಮೆ ಕೊಡುವ ಇಂಜೆಕ್ಷನ್ ಕೂಡ ಇದೆ. ಅದು ಮೈಯಲ್ಲಿ ನಿಧಾನವಾಗಿ ಕರಗುತ್ತದೆ, ಹನಿ ನೀರಾವರಿಯ ಹಾಗೆ.

ಶಿವಮೊಗ್ಗ ಜಿಲ್ಲೆಯ ತೀರ್ಥಹಳ್ಳಿ ಮತ್ತು ತುಮಕೂರು ಜಿಲ್ಲೆಯ ತುರುವೇಕೆರೆ ತಾಲ್ಲೂಕುಗಳಲ್ಲಿ ನಿಮ್ಹಾನ್ಸ್ ವೈದ್ಯರು ಹೀಗೆ ತೀವ್ರ ಕಾಯಿಲೆ ಇರುವವರನ್ನು ಹುಡುಕಿ, ವರ್ಷಗಟ್ಟಲೆ ಬೆನ್ನು ಹತ್ತಿ ನೋಡಿಕೊಂಡಿದ್ದಾರೆ. ಅದುವರೆಗೆ ಚಿಕಿತ್ಸೆಯನ್ನೇ ಕಾಣದವರೂ ಅದರಲ್ಲಿದ್ದರು. ಔಷಧಿ ಸಿಕ್ಕವರ ಕೆಲಸ ಮಾಡುವ, ಬೆರೆಯುವ ಶಕ್ತಿ ಎದ್ದು ಕಾಣುವಷ್ಟು ಸುಧಾರಿಸಿತು. ತಡವಾಗಿ ಶುರುಮಾಡಿದರೂ ಪ್ರಯೋಜನ ಇದೆ ಎಂಬುದು ವರ್ಷಗಳಿಂದ ಕೈಚೆಲ್ಲಿ ಕೂತ ಮನೆಗಳಿಗೆ ದೊಡ್ಡ ಸಮಾಧಾನದ ಮಾತು.

ಮಾತ್ರೆಯ ಬಗ್ಗೆ ಇರುವ ಭಯ

‘ಅದು ನಿದ್ದೆ ಮಾತ್ರೆ, ಒಮ್ಮೆ ಶುರುಮಾಡಿದರೆ ಬಿಡಲಾಗದು.’ ಈ ಮಾತನ್ನು ಎಲ್ಲರೂ ಕೇಳಿದ್ದೇವೆ. ನಿದ್ದೆಗೆಂದೇ ಕೊಡುವ ಕೆಲವು ಮಾತ್ರೆಗಳು ಹೆಚ್ಚು ದಿನ ತೆಗೆದುಕೊಂಡರೆ ಅಭ್ಯಾಸವಾಗುವುದು ನಿಜ. ಅದಕ್ಕೇ ಅವನ್ನು ಸ್ವಲ್ಪ ದಿನಕ್ಕೆ ಮಾತ್ರ ಕೊಡಬೇಕು. ಆದರೆ ಖಿನ್ನತೆಗೆ ಕೊಡುವ ಮಾತ್ರೆಗಳು ಬೇರೆ. ಅವು ಮದ್ಯದ ಹಾಗೆ ಚಟ ಹಿಡಿಸುವುದಿಲ್ಲ.

ಈ ಮಾತ್ರೆಗಳು ಕೆಲಸ ಶುರುಮಾಡಲು ಎರಡರಿಂದ ನಾಲ್ಕು ವಾರ ಬೇಕು. ತಲೆನೋವಿನ ಮಾತ್ರೆಯ ಹಾಗೆ ಅರ್ಧ ಗಂಟೆಯಲ್ಲಿ ಪರಿಣಾಮ ಕಾಣುವುದಿಲ್ಲ. ಮೊದಲ ವಾರದಲ್ಲಿ ಹೊಟ್ಟೆ ತೊಳಸುವುದು, ತಲೆಸುತ್ತು ಬರಬಹುದು. ಅಂದರೆ ತೊಂದರೆ ಮೊದಲು ಬರುತ್ತದೆ, ಗುಣ ಆಮೇಲೆ ಬರುತ್ತದೆ. ಇದನ್ನು ಮೊದಲೇ ಹೇಳದಿದ್ದರೆ ಯಾರೇ ಆದರೂ ಐದನೇ ದಿನಕ್ಕೆ ಮಾತ್ರೆ ಬಿಸಾಕುತ್ತಾರೆ. ಗುಣವಾದ ಮೇಲೂ ಸಾಮಾನ್ಯವಾಗಿ ಆರು ತಿಂಗಳೋ ಒಂಬತ್ತು ತಿಂಗಳೋ ಮುಂದುವರಿಸುತ್ತಾರೆ. ಸ್ಕಿಜೋಫ್ರೀನಿಯಾದಂಥ ಕಾಯಿಲೆಗೆ ಇನ್ನೂ ಜಾಸ್ತಿ ಕಾಲ ಬೇಕು. ಅದರ ಔಷಧಿಗಳಿಂದ ತೂಕ ಏರಬಹುದು, ಕೈ ನಡುಗಬಹುದು, ಮೈ ಬಿಗಿಯಬಹುದು. ಹೇಳಿದರೆ ಡಾಕ್ಟರು ಪ್ರಮಾಣ ಇಳಿಸುತ್ತಾರೆ ಅಥವಾ ಔಷಧಿ ಬದಲಿಸುತ್ತಾರೆ. ಸುಮ್ನೆ ನೀವೇ ನಿಲ್ಲಿಸಬೇಡಿ.

‘ಕರೆಂಟ್ ಕೊಡುತ್ತಾರೆ’ ಎಂಬ ಭಯವೂ ಇದೆ. ಬಹಳ ಜನರಿಗೆ ಆ ಚಿಕಿತ್ಸೆ ಬೇಕಾಗುವುದೇ ಇಲ್ಲ. ಬೇಕಾದಾಗಲೂ ಅರಿವಳಿಕೆ ಮತ್ತು ಸ್ನಾಯು ಸಡಿಲಿಸುವ ಔಷಧಿ ಇಲ್ಲದೆ ಕೊಡುವುದನ್ನು ಕಾನೂನು ನಿಷೇಧಿಸಿದೆ.

ಡಾಕ್ಟರಲ್ಲದವರು ಮಾತಾಡಿದರೆ ಪ್ರಯೋಜನ ಇದೆಯಾ?

ಎಲ್ಲ ಖಿನ್ನತೆಗೂ ಮಾತ್ರೆಯೇ ಬೇಕೆಂದಿಲ್ಲ. ಮಾತಿನ ಚಿಕಿತ್ಸೆ ಸಾಕಾಗುವವರು ತುಂಬಾ ಜನ ಇದ್ದಾರೆ. ಆದರೆ ಅಷ್ಟು ಮನಃಶಾಸ್ತ್ರಜ್ಞರನ್ನು ಎಲ್ಲಿಂದ ತರುವುದು?

ಆಫ್ರಿಕಾದ ಜಿಂಬಾಬ್ವೆಯಲ್ಲಿ ಡಾ. ಡಿಕ್ಸನ್ ಚಿಬಾಂಡಾ ಎಂಬ ಮನೋವೈದ್ಯರು 2006ರಲ್ಲಿ ಹರಾರೆ ನಗರದ ಒಂದು ಬಡ ಬಡಾವಣೆಯಲ್ಲಿ 14 ಅಜ್ಜಿಯರಿಗೆ ತರಬೇತಿ ಕೊಟ್ಟರು. ಆರೋಗ್ಯ ಕೇಂದ್ರದ ಹೊರಗೆ ಮರದ ಬೆಂಚು ಹಾಕಿಸಿದರು. ಬಂದವರ ಜೊತೆ ಅಜ್ಜಿ ಬೆಂಚಿನ ಮೇಲೆ ಕೂತು ಕಷ್ಟ ಕೇಳುತ್ತಾರೆ. ಅದರಲ್ಲಿ ಮೊದಲು ಬಿಡಿಸಬಹುದಾದ ಒಂದು ಗಂಟನ್ನು ಇಬ್ಬರೂ ಸೇರಿ ಆರಿಸುತ್ತಾರೆ. ಅಲ್ಲಿಯ ಶೋನಾ ಭಾಷೆಯಲ್ಲಿ ಖಿನ್ನತೆಗೆ ಹತ್ತಿರದ ಪದ ಕುಫುಂಗಿಸಿಸಾ. ಅಂದರೆ ‘ತುಂಬಾ ಯೋಚನೆ ಮಾಡುವುದು’. ನಮ್ಮಲ್ಲೂ ‘ಮನಸ್ಸಿಗೆ ಹಚ್ಚಿಕೊಂಡಿದ್ದಾನೆ’ ಎನ್ನುವುದಿಲ್ಲವೇ? 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಬೆಂಚಿಗೆ ಬಂದವರ ಕಷ್ಟದ ಲಕ್ಷಣಗಳು ಮಾಮೂಲಿ ಚಿಕಿತ್ಸೆ ಪಡೆದವರಿಗಿಂತ ಚೆನ್ನಾಗಿ ಕಡಿಮೆಯಾಗಿದ್ದವು.

ಇಲ್ಲೇ ಪಕ್ಕದ ಗೋವಾದಲ್ಲಿ ಸಂಗಾತ್ ಎಂಬ ಸಂಸ್ಥೆ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಇಂಥದ್ದೇ ಕೆಲಸ ಮಾಡಿದೆ. ಮನಃಶಾಸ್ತ್ರ ಓದದ ಸ್ಥಳೀಯರಿಗೆ ತರಬೇತಿ ಕೊಟ್ಟು, ಆರರಿಂದ ಎಂಟು ಭೇಟಿಗಳಲ್ಲಿ ಚಿಕಿತ್ಸೆ ಕೊಡಿಸಿತು. ಅದೂ ಫಲ ಕೊಟ್ಟಿತು. ಅದರ ಒಳಗುಟ್ಟು ತುಂಬಾ ಸರಳ. ಖಿನ್ನತೆಯಲ್ಲಿ ಮನುಷ್ಯ ‘ಮನಸ್ಸು ಸರಿಯಾಗಲಿ, ಆಮೇಲೆ ಎದ್ದು ಕೆಲಸ ಮಾಡುತ್ತೇನೆ’ ಎಂದು ಕಾಯುತ್ತಾನೆ. ಕಾಯುತ್ತಾ ಮಲಗಿದಷ್ಟೂ ಮನಸ್ಸು ಕುಗ್ಗುತ್ತದೆ. ನೀರು ಬಾರದ ಹಳೇ ಕೈಪಂಪಿಗೆ ಮೇಲಿನಿಂದ ಒಂದು ಚೊಂಬು ನೀರು ಹಾಕಿ ಹೊಡೆಯುತ್ತೇವಲ್ಲ, ಹಾಗೆ ಮೊದಲು ಒಂದು ಸಣ್ಣ ಕೆಲಸ. ಇವತ್ತು ಹಿತ್ತಲಿಗೆ ಹೋಗಿ ಗಿಡಕ್ಕೆ ನೀರು. ನಾಳೆ ಅಂಗಡಿಯವರೆಗೆ ನಡಿಗೆ. ನಾಡಿದ್ದು ಮಾತುಕತೆ ಬಿಟ್ಟುಹೋದ ಗೆಳತಿಗೆ ಒಂದು ಫೋನ್. ಮನಸ್ಸು ಹಿಂದಿನಿಂದ ಬರುತ್ತದೆ.

‘ಧೈರ್ಯ ತಗೋ, ಎಲ್ಲ ಸರಿಹೋಗುತ್ತದೆ’ ಎಂಬ ಉಪದೇಶಕ್ಕೂ ಇದಕ್ಕೂ ವ್ಯತ್ಯಾಸ ಇದೆ. ಇದರಲ್ಲಿ ಕೇಳುವುದು ಜಾಸ್ತಿ, ಹೇಳುವುದು ಕಡಿಮೆ.

ದೇವಸ್ಥಾನ, ದರ್ಗಾ ಮತ್ತು ಆಸ್ಪತ್ರೆ

ಮನಸ್ಸು ಕೆಟ್ಟಾಗ ಜನ ಮೊದಲು ಹೋಗುವುದು ದೇವರ ಹತ್ತಿರ. ಅದಕ್ಕೆ ಯಾರನ್ನೂ ಬೈಯಬೇಕಿಲ್ಲ. ಅಲ್ಲಿ ಕೇಳುವವರು ಇದ್ದಾರೆ, ಸರದಿ ಚೀಟಿ ಇಲ್ಲ, ನಾಚಿಕೆ ಇಲ್ಲ. ಎಷ್ಟೋ ಜನರಿಗೆ ಸಮಾಧಾನವೂ ಸಿಗುತ್ತದೆ. ಕಷ್ಟ ಶುರುವಾಗುವುದು ಪೂಜೆ ಸಾಕು, ಔಷಧಿ ಬೇಡ ಎಂದಾಗ. ಹೊಡೆದು ದೆವ್ವ ಬಿಡಿಸುತ್ತೇವೆ, ಕಟ್ಟಿಹಾಕುತ್ತೇವೆ ಎಂದಾಗ.

2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ, ದರ್ಗಾದ ಹತ್ತಿರದ ಒಂದು ಖಾಸಗಿ ಆಶ್ರಯದ ಗುಡಿಸಲಿಗೆ ಬೆಂಕಿ ಬಿತ್ತು. ಒಳಗಿದ್ದವರು ಮನಸ್ಸಿನ ಕಾಯಿಲೆಯವರು. ಸರಪಳಿಯಲ್ಲಿ ಕಟ್ಟಿದ್ದರು. ಓಡಲಾಗದೆ 28 ಜನ ಸತ್ತರು. ಇದನ್ನು ಬರೆಯುವಾಗ ಈಗಲೂ ಕೈ ತಡೆಯುತ್ತದೆ.

ಬೇರೆ ದಾರಿಯೂ ಇದೆ. ಗುಜರಾತಿನ ಉನಾವಾದ ಮೀರಾ ದಾತಾರ್ ದರ್ಗಾದಲ್ಲಿ ದವಾ-ದುವಾ ಎಂಬ ಕಾರ್ಯಕ್ರಮ ನಡೆದಿದೆ. ಪ್ರಾರ್ಥನೆ ಮಾಡಿಸುವವರೇ, ಪ್ರಾರ್ಥನೆ ಆದಮೇಲೆ ಅಲ್ಲೇ ಇರುವ ಡಾಕ್ಟರ ಹತ್ತಿರ ಕಳಿಸುತ್ತಾರೆ. ಹರಕೆಯೂ ಇರಲಿ, ಮಾತ್ರೆಯೂ ಇರಲಿ ಎನ್ನುವ ಈ ದಾರಿಯಲ್ಲಿ ಜನ ತಮ್ಮ ನಂಬಿಕೆಯನ್ನು ಬಿಟ್ಟುಕೊಡಬೇಕಾಗಿಲ್ಲ.

ಕಾನೂನು ಏನು ಕೊಟ್ಟಿದೆ?

ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2017ರಲ್ಲಿ ಬಂತು, 2018ರ ಮೇ 29ರಿಂದ ಜಾರಿಯಲ್ಲಿದೆ. ಸರ್ಕಾರ ನಡೆಸುವ ಅಥವಾ ಹಣ ಕೊಡುವ ಸೇವೆಗಳಲ್ಲಿ ಚಿಕಿತ್ಸೆ ಪಡೆಯುವುದು ಪ್ರತಿಯೊಬ್ಬರ ಹಕ್ಕು ಎಂದು ಅದು ಹೇಳಿದೆ. ಬಡತನ ರೇಖೆಗಿಂತ ಕೆಳಗಿನವರಿಗೆ, ಮನೆಯಿಲ್ಲದವರಿಗೆ ಅದು ಉಚಿತ. ಸರಪಳಿ ಹಾಕುವುದು ಯಾವ ರೀತಿಯಲ್ಲೂ ನಿಷಿದ್ಧ. ಮನಸ್ಸಿನ ಕಾಯಿಲೆಯಿಂದ ದಿಕ್ಕಿಲ್ಲದೆ ಅಲೆಯುವವರನ್ನು ರಕ್ಷಣೆಗೆ ತೆಗೆದುಕೊಂಡ ಪೊಲೀಸರು 24 ಗಂಟೆಯೊಳಗೆ ಹತ್ತಿರದ ಸರ್ಕಾರಿ ಆರೋಗ್ಯ ಸಂಸ್ಥೆಗೆ ತಲುಪಿಸಬೇಕು. ಕಾಯಿಲೆಯಿಂದ ಕೆಲಸದ ಶಕ್ತಿ ಬಹಳ ಕುಂದಿದ್ದರೆ, 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಡಿ ಅಂಗವೈಕಲ್ಯ ಪ್ರಮಾಣಪತ್ರವೂ ಸಿಗುತ್ತದೆ. ಅದು 40 ಶೇಕಡಾ ಅಥವಾ ಹೆಚ್ಚಿದ್ದರೆ ಸರ್ಕಾರದ ಸೌಲಭ್ಯಗಳಿಗೆ ದಾರಿಯಾಗುತ್ತದೆ.

ಪ್ರಾಣದ ಆಸೆ ಬಿಟ್ಟವರ ವಿಷಯ

2022ರಲ್ಲಿ ದೇಶದಲ್ಲಿ 1,70,924 ಜನ ಆತ್ಮಹತ್ಯೆ ಮಾಡಿಕೊಂಡರು ಎಂದು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಲೆಕ್ಕ ಕೊಟ್ಟಿದೆ. ಹಳ್ಳಿಗಳಲ್ಲಿ ದೊಡ್ಡ ಅಪಾಯ ಹೊಲಕ್ಕೆ ತಂದ ಕೀಟನಾಶಕ ಮನೆಯೊಳಗೇ ಇರುವುದು. ಸಾಯಬೇಕೆನ್ನುವ ತೀವ್ರ ಯೋಚನೆ ಬಹಳ ಸಲ ಅಲೆಯ ಹಾಗೆ ಬಂದು ಇಳಿಯುತ್ತದೆ. ಆ ಹೊತ್ತಿನಲ್ಲಿ ವಿಷ ಕೈಗೆ ಸಿಗದಿದ್ದರೆ ಜೀವ ಉಳಿಯುತ್ತದೆ. ಶ್ರೀಲಂಕಾ ತುಂಬಾ ವಿಷಕಾರಿಯಾದ ಕೀಟನಾಶಕಗಳನ್ನು ಒಂದೊಂದಾಗಿ ನಿಷೇಧಿಸಿದ ಮೇಲೆ ಅಲ್ಲಿ ಆತ್ಮಹತ್ಯೆಗಳು ಬಹಳ ಕಡಿಮೆಯಾದವು. ಮನೆಯಲ್ಲಿ ಯಾರಾದರೂ ಕುಗ್ಗಿದ್ದಾರೆ ಎನಿಸಿದರೆ ಕೀಟನಾಶಕದ ಡಬ್ಬಿಗಳನ್ನು ಬೀಗ ಹಾಕಿ ಇಡುವುದು, ಆಗದಿದ್ದರೆ ಬೇರೆಯವರ ಕಡೆ ಇಟ್ಟುಬರುವುದು ಇವತ್ತೇ ಮಾಡಬಹುದಾದ ಕೆಲಸ.

‘ಸಾಯಬೇಕು ಅನ್ನಿಸುತ್ತಿದೆಯಾ?’ ಎಂದು ನೇರವಾಗಿ ಕೇಳಬಹುದು. ಕೇಳಿದರೆ ಆ ಯೋಚನೆ ನಾವೇ ಹುಟ್ಟಿಸಿದಂತೆ ಎಂಬುದು ತಪ್ಪು ತಿಳಿವಳಿಕೆ. ಹೌದು ಎಂದರೆ ಅವರನ್ನು ಒಬ್ಬರೇ ಬಿಡಬೇಡಿ, 14416ಕ್ಕೆ ಫೋನ್ ಮಾಡಿ, ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಏನಾದರೂ ಸೇವಿಸಿದ್ದರೆ ತಡಮಾಡದೆ 108. ಪೊಲೀಸ್ ಕೇಸಿನ ಭಯದಲ್ಲಿ ಮುಚ್ಚಿಟ್ಟು ಜೀವ ಕಳೆದುಕೊಂಡವರಿದ್ದಾರೆ. ಪ್ರಯತ್ನ ಮಾಡಿದವರು ತೀವ್ರ ಒತ್ತಡದಲ್ಲಿದ್ದರು ಎಂದೇ ಭಾವಿಸಬೇಕು, ಶಿಕ್ಷಿಸಬಾರದು, ಆರೈಕೆ ಕೊಡಬೇಕು ಎಂದು 2017ರ ಕಾಯ್ದೆ ಹೇಳುತ್ತದೆ.

ಕಾಲುವೆ ಎಲ್ಲಿ ಕಟ್ಟಿಕೊಂಡಿದೆ?

ಕಾಗದದ ಮೇಲೆ ಎಲ್ಲವೂ ಇದೆ. ಊರಿನಲ್ಲಿ ಇಷ್ಟು ಚೆನ್ನಾಗಿ ಎಲ್ಲ ಕಡೆ ನಡೆಯುತ್ತಿಲ್ಲ. ತಂಡದಲ್ಲಿ ಹುದ್ದೆ ಖಾಲಿ ಇರುತ್ತದೆ. ತರಬೇತಿ ಪಡೆದ ಡಾಕ್ಟರಿಗೆ ವರ್ಗವಾಗುತ್ತದೆ, ಹೊಸಬರು ಮತ್ತೆ ಮೊದಲಿಂದ ಕಲಿಯಬೇಕು. ಕೆಲವು ತಿಂಗಳು ಔಷಧಿ ಬಂದಿರುವುದಿಲ್ಲ. ಆಶಾ ಮೇಲೆ ಈಗಾಗಲೇ ಬಾಣಂತಿ, ಲಸಿಕೆ, ಕ್ಷಯ ಎಲ್ಲದರ ಹೊರೆ ಇದೆ. ಒಂದು ತಿಂಗಳು ಔಷಧಿ ಇಲ್ಲದಿರುವುದು ಲೆಕ್ಕದಲ್ಲಿ ಸಣ್ಣದು. ಆ 22ರ ಹುಡುಗನ ಮನೆಗೆ ಅದೇ ದೊಡ್ಡದು.

ನೋಡಿಕೊಳ್ಳುವವರ ಬಗ್ಗೆ ಯಾರೂ ಕೇಳುವುದಿಲ್ಲ ಎಂಬುದು ನನಗೆ ಇನ್ನೂ ದೊಡ್ಡ ಕೊರತೆ ಎನಿಸುತ್ತದೆ. ವರ್ಷಗಟ್ಟಲೆ ಮಗನನ್ನೋ ಗಂಡನನ್ನೋ ನೋಡಿಕೊಂಡ ಹೆಂಗಸಿಗೂ ನಿದ್ದೆ ಇರುವುದಿಲ್ಲ. ಆಶಾ ಬಂದಾಗ ಆ ಎರಡು ಪ್ರಶ್ನೆಗೆ ಆಕೆಯೂ ತನ್ನ ಬಗ್ಗೆ ಉತ್ತರ ಹೇಳಬೇಕು.

ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಹೊರಟಿದ್ದರೆ ಹಳೇ ಚೀಟಿಗಳನ್ನು, ಖಾಲಿಯಾದ ಮಾತ್ರೆಯ ಪಟ್ಟಿಯನ್ನು ಎಸೆಯದೆ ಚೀಲದಲ್ಲಿ ಹಾಕಿಕೊಳ್ಳಿ. ಕಾಯಿಲೆ ಯಾವಾಗ ಶುರುವಾಯಿತು, ಮಧ್ಯೆ ಯಾವಾಗ ಮಾತ್ರೆ ಬಿಟ್ಟಿರಿ ಎಂದು ಒಂದು ಹಾಳೆಯಲ್ಲಿ ಬರೆದಿಡಿ. ಬಿಟ್ಟದ್ದನ್ನು ಮುಚ್ಚಿಡಬೇಡಿ, ಅದು ಗೊತ್ತಾದರೆ ಡಾಕ್ಟರಿಗೆ ಸುಲಭ. ಕಾಯಿಲೆ ಇರುವವರ ಜೊತೆ ಒಂದೇ ಮನೆಯಲ್ಲಿ ಇರುವವರು ಒಬ್ಬರು ಹೋಗಿ. ಹೊರಡುವ ಮೊದಲು ಡಾಕ್ಟರನ್ನು ಒಂದು ಮಾತು ಕೇಳಿ: ‘ಮುಂದಿನ ತಿಂಗಳ ಮಾತ್ರೆ ನಮ್ಮ ಊರಿನ ಹತ್ತಿರ ಎಲ್ಲಿ ಸಿಗುತ್ತದೆ?’